ಅಮ್ಮ ಸಹಿ ಹಾಕಿದ ಕಾಗದ

ಆಸ್ಪತ್ರೆಯಲ್ಲಿ ನಾನು ಬಿಲ್ ಕಟ್ಟಿ ಬರುವಷ್ಟರಲ್ಲಿ ಅಮ್ಮ ಸಹಿ ಹಾಕಿ ಆಗಿತ್ತು. ಕಾಗದದ ಕೆಳಗೆ ಅವರ ಉರುಟು ಕನ್ನಡ ಅಕ್ಷರ. ಮೇಲಿದ್ದದ್ದೆಲ್ಲ ಮಲಯಾಳ ಮತ್ತು ಇಂಗ್ಲಿಷ್. "ಏನು ಬರೆದಿದೆ ಅಂತ ಗೊತ್ತಾ?" ಎಂದು ಕೇಳಿದೆ. "ಸ್ಕ್ಯಾನಿಗೆ ಒಪ್ಪಿಗೆ ಅಂತೆ. ಇಲ್ಲಿ ಹಾಕಿ ಎಂದರು, ಹಾಕಿದೆ."

ನಾವು ಕುಂಬಳೆಯವರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಕಡೆ ಕನ್ನಡ ಶಾಲೆಗಳು ಉಳಿದಿವೆ. ಅಮ್ಮ ಓದಿದ್ದು ಅಂಥದ್ದೇ ಒಂದರಲ್ಲಿ. ಮಲಯಾಳ ಕೇಳಿದರೆ ತಿಳಿಯುತ್ತದೆ, ಮೀನು ಮಾರುವವರ ಹತ್ತಿರ ಚೌಕಾಸಿ ಮಾಡುವಷ್ಟು ಬಾಯಿಗೂ ಬರುತ್ತದೆ. ಲಿಪಿ ಮಾತ್ರ ಬರುವುದಿಲ್ಲ.

ಹೊಟ್ಟೆನೋವಿಗೆ ಸಿಟಿ ಸ್ಕ್ಯಾನ್ ಬರೆದಿದ್ದರು, ಕಾಂಟ್ರಾಸ್ಟ್ ಹಾಕಿ, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತಕ್ಕೆ ಸೇರಿಸುವ ಮದ್ದು. ನಾನು ಕಾಗದ ತೆಗೆದುಕೊಂಡು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಸ್ತಮಾ ಇದೆಯಾ? ಇಲ್ಲ. ಕಿಡ್ನಿ ತೊಂದರೆ? ಇಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್? ಹೌದು, ದಿನಾ ಎರಡು. ಹಿಂದೆ ಸ್ಕ್ಯಾನ್ ಮಾಡುವಾಗ ಮದ್ದು ಹಾಕಿ ಏನಾದರೂ ಆಗಿತ್ತಾ?

"ಆಗಿತ್ತಲ್ಲ" ಎಂದರು ಅಮ್ಮ, ಬಹಳ ಸಹಜವಾಗಿ. "ಆ ಸಲ ಡೈ ಹಾಕಿದ ಮೇಲೆ ಮೈಯೆಲ್ಲ ದದ್ದು ಎದ್ದಿತ್ತು. ತುಟಿ ಊದಿತ್ತು. ಸಿಗಡಿ ತಿಂದರೂ ನನಗೆ ಹಾಗೇ ಆಗುತ್ತದೆ, ಅಲ್ವಾ?"

ನನ್ನ ಕೈ ತಣ್ಣಗಾಯಿತು. ಆ ಪ್ರಶ್ನೆಯ ಮುಂದೆ 'ಇಲ್ಲ' ಎಂಬಲ್ಲಿ ಗುರುತು ಹಾಕಿತ್ತು. ಯಾರು ಹಾಕಿದರೋ, ಅಮ್ಮನಂತೂ ಅಲ್ಲ.

ಸ್ಕ್ಯಾನ್ ನೋಡುವ ವೈದ್ಯರು, ರೇಡಿಯಾಲಜಿಸ್ಟ್, ಹೊರಗೆ ಬಂದು ಕೂತು ಮಾತಾಡಿದರು. ಅವರಿಗೆ ನಾನು ಇವತ್ತಿಗೂ ಋಣಿ. ನಾವು ಡೈ ಅನ್ನುತ್ತೇವೆ, ಆದರೆ ಅದರಲ್ಲಿ ಬಣ್ಣವೇ ಇಲ್ಲ, ನೀರಿನ ಹಾಗೆ ತಿಳಿ. ಒಳಗಿರುವ ಅಯೋಡಿನ್ ಎಕ್ಸ್‌ರೇಯನ್ನು ತಡೆಯುತ್ತದೆ, ಹಾಗಾಗಿ ರಕ್ತ ಹರಿಯುವ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಸಿಗಡಿಯ ಅಲರ್ಜಿ ಸಿಗಡಿಯ ಪ್ರೋಟೀನಿನಿಂದ ಬರುವುದು, ಅಯೋಡಿನ್‌ನಿಂದ ಅಲ್ಲ. ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಹಿಂದಿನ ಸಲ ಇದೇ ಜಾತಿಯ ಮದ್ದಿಗೆ ಎದ್ದ ದದ್ದಿಗೆ. ಒಮ್ಮೆ ಆದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ.

"ಆಗ ಯಾವ ಮದ್ದು ಹಾಕಿದ್ದರು?" ಎಂದು ಕೇಳಿದರು. ಹೆಸರು ಗೊತ್ತಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ಆರಿಸಬಹುದಿತ್ತು. ಮನೆಗೆ ಬಂದು ಹಳೆಯ ಫೈಲ್ ಪೂರ್ತಿ ಹುಡುಕಿದೆ. 'ಕಾಂಟ್ರಾಸ್ಟ್ ಕೊಟ್ಟಿದೆ' ಎಂದಷ್ಟೇ ಇತ್ತು. ಹೆಸರಿಲ್ಲ, ದದ್ದಿನ ಸುದ್ದಿಯೂ ಇಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರುತ್ತದೆ.

ಸ್ಕ್ಯಾನ್ ಮರುದಿನ ಬೆಳಿಗ್ಗೆ 9ಕ್ಕೆ ಹೋಯಿತು. ದದ್ದು ಮತ್ತೆ ಏಳದಿರಲೆಂದು ಅದಕ್ಕೆ 13, 7 ಮತ್ತು 1 ಗಂಟೆ ಮೊದಲು ಸ್ಟೀರಾಯ್ಡ್ ಮಾತ್ರೆ. ಅಂದರೆ ರಾತ್ರಿ 8ಕ್ಕೆ, ನಡುರಾತ್ರಿ ಕಳೆದು 2ಕ್ಕೆ, ಬೆಳಿಗ್ಗೆ 8ಕ್ಕೆ. 2 ಗಂಟೆಗೆ ಅಲಾರಂ ಇಟ್ಟು ಅಮ್ಮನನ್ನು ಎಬ್ಬಿಸಿದೆ. ಸಮುದ್ರದ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಮಾತ್ರೆ ನುಂಗಿ, "ನೀನು ಮಲಗು" ಎಂದರು. ನನಗೆ ಆಮೇಲೆ ನಿದ್ದೆ ಬರಲಿಲ್ಲ.

ಸ್ಟೀರಾಯ್ಡಿನಿಂದ ಸಕ್ಕರೆ ಏರಬಹುದು, ಎರಡು ದಿನ ಪರೀಕ್ಷಿಸಿ ನೋಡಿ ಎಂದಿದ್ದರು. ಮೆಟ್‌ಫಾರ್ಮಿನ್ ಬಗ್ಗೆಯೂ ಕೇಳಿದೆ. ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್, ಚೆನ್ನಾಗಿದೆ, ನಿಲ್ಲಿಸಬೇಕಾಗಿಲ್ಲ ಎಂದರು. ಕಿಡ್ನಿ ತೀರಾ ದುರ್ಬಲವಾಗಿದ್ದರೆ, ಅದು ರಕ್ತ ಸೋಸುವ ವೇಗದ ಅಳತೆ ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಇದ್ದರೆ, 48 ಗಂಟೆ ನಿಲ್ಲಿಸುತ್ತಾರಂತೆ. ಮದ್ದು ಹೊರಗೆ ಹೋಗುವುದು ಕಿಡ್ನಿಯ ಮೂಲಕವೇ ಅಲ್ವಾ.

ಬಾಟಲಿಯನ್ನು ಮೈಯ ಬಿಸಿಗೆ, 37 ಡಿಗ್ರಿಗೆ, ಬೆಚ್ಚಗೆ ಮಾಡಿ ಇಟ್ಟಿದ್ದರು. ಮದ್ದು ಮಂದ, ಬಿಸಿ ಮಾಡಿದರೆ ತೆಳುವಾಗಿ ಸಲೀಸಾಗಿ ಹರಿಯುತ್ತದೆ. ಪಂಪು ಅದನ್ನು ಜೋರಾಗಿ ನೂಕುತ್ತದೆ, ಸೂಜಿ ರಕ್ತನಾಳದಿಂದ ಜಾರಿದ್ದರೆ ಕೈ ಊದಿಕೊಳ್ಳುತ್ತದೆ. ಅದಕ್ಕೇ ಮೊದಲು ಬರೀ ಸಲೈನ್ ಹಾಯಿಸಿ ನೋಡಿದರು. "ಮೈ ಬಿಸಿಯಾಗುತ್ತದೆ, ಮೂತ್ರ ಹೋದ ಹಾಗೆ ಅನ್ನಿಸುತ್ತದೆ, ಹೆದರಬೇಡಿ. ಗಂಟಲು ಬಿಗಿದರೆ, ಉಸಿರು ಸಿಕ್ಕದಿದ್ದರೆ ಆ ಕ್ಷಣವೇ ಹೇಳಿ." ಇಷ್ಟನ್ನು ಟೆಕ್ನೀಷಿಯನ್ ಕನ್ನಡದಲ್ಲೇ ಹೇಳಿದರು. ಅಮ್ಮನ ಮುಖ ಸಡಿಲವಾಯಿತು.

ಮುಗಿದ ಮೇಲೆ ಕೈಯ ಸೂಜಿ ತೆಗೆಯದೆ ಅರ್ಧ ಗಂಟೆ ಕೂರಿಸಿದರು. ನಾನು ಅಮ್ಮನ ಕುತ್ತಿಗೆ, ತೋಳು, ತುಟಿ ನೋಡುತ್ತಲೇ ಇದ್ದೆ. ಎಡಗೈಯಲ್ಲಿ ಎರಡು ದದ್ದು ಎದ್ದವು, ಅಷ್ಟೆ. ಮನೆಗೆ ಬಂದು ಚೆನ್ನಾಗಿ ನೀರು ಕುಡಿಸಿದೆ. ವರದಿಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ.

ಹೊರಡುವ ಮೊದಲು ಮದ್ದಿನ ಹೆಸರು ಬರೆದು ಕೊಡಿ ಎಂದು ಕೇಳಿದೆ. ಅಯೋಹೆಕ್ಸಾಲ್, 80 ಮಿಲಿ. ಅದನ್ನು ಒಂದು ಚೀಟಿಯಲ್ಲಿ ಮೊದಲು ಕನ್ನಡದಲ್ಲಿ ಬರೆದೆ: ಯಾವ ದಿನ, ಯಾವ ಮದ್ದು, ಮೊದಲ ಸಲ ಏನಾಯಿತು, ಈ ಸಲ ಏನಾಯಿತು. ಕೆಳಗೆ ಪಕ್ಕದ ಮನೆಯ ಹುಡುಗಿಯಿಂದ ಮಲಯಾಳದಲ್ಲೂ ಬರೆಸಿದೆ. ಅಮ್ಮ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. "ದದ್ದು ಎಂದರೆ ಸಾಲದು, ತುಟಿ ಊದಿತ್ತು ಅಂತಲೂ ಸೇರಿಸು" ಎಂದರು. ಸೇರಿಸಿದೆ. ಈಗ ಅದು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿದೆ.