ಕರೆಯದೇ ಬರುವ ಕರೆ

ಶಿರಸಿ ಮನೆಯಲ್ಲಿ ಅಡಿಕೆ ಸುಲಿಯುತ್ತ ಕೂತ ಆಯಿಗೆ ಇವತ್ತು ಮಧ್ಯಾಹ್ನದೊಳಗೆ ಮೂರು ಫೋನು. ಮೂರೂ 140ರಿಂದ ಶುರುವಾಗುವ ನಂಬರು, ಸಾಲ ಬೇಕಾ ಎಂದು. ಪ್ರತಿ ಸಲ ಕತ್ತಿ ಬಿಟ್ಟು, ಕೈ ಒರೆಸಿ, ತಂಗಿಯದೇ ಇರಬೇಕೆಂದು ಓಡಿದಳು. ಆದರೂ ಸಿಟ್ಟಿಲ್ಲ, ಕೊನೆಯವನಿಗೆ ‘ಬ್ಯಾಡ ತಮಾ, ಊಟ ಆತನಾ?’ ಎಂದು ಕೇಳಿಯೇ ಇಟ್ಟಳು.

ಪೇಪರಿನಲ್ಲಿ ಇದಕ್ಕೆ ‘ಅನಪೇಕ್ಷಿತ ಕರೆ’ ಅನ್ನುತ್ತಾರೆ. ನನಗೆ ಆ ಶಬ್ದ ಒಗ್ಗುವುದಿಲ್ಲ. ನಮ್ಮಲ್ಲಿ ಕರೆಯುವುದೆಂದರೆ ಮನೆ ಬಾಗಿಲಿಗೆ ಬಂದು, ಅಕ್ಷತೆ ಕೊಟ್ಟು, ‘ಎಲ್ಲರೂ ಬನ್ನಿ’ ಎನ್ನುವುದು. ಕರೆದವರು ಯಾರ ಮನೆಯವರು ಎಂಬುದೂ ಗೊತ್ತಿರುತ್ತದೆ. ಆಯಿಯೂ ‘ಕರೆ’ ಅನ್ನಲಿಲ್ಲ, ‘ಎಂತದೋ ಫೋನು’ ಅಂದಳು ಅಷ್ಟೆ.

ಸಂಜೆ ಅವಳ ಮೊಬೈಲಿನಿಂದ 1909ಕ್ಕೆ ಮೆಸೇಜು ಹಾಕಿ, ಇಂಥ ಫೋನು ಬೇಡವೆಂದು ಬರೆಸಿದೆ. ತಂಗಿಯ ಫೋನು ರಾತ್ರಿ ಎಂಟಕ್ಕೆ ಬಂತು.