ಮಾತ್ರೆ ಫ್ರೀ ಅಲ್ವಾ, ಮತ್ತೆ ನಿಮ್ಮ ದುಡ್ಡು ಎಂತಕ್ಕೆ?

ಎಚ್‌ಐವಿ ಇರುವವರಿಗಾಗಿ ನಾನು ದುಡ್ಡು ಕೊಡುತ್ತೇನೆ. ಬೇರೆಯವರ ಹತ್ತಿರವೂ ಕೇಳುತ್ತೇನೆ. ಗೊತ್ತಾದ ಕೂಡಲೇ ಉಡುಪಿಯಲ್ಲಿ ಜನ ಕೇಳುವುದು ಒಂದೇ: "ಮಾತ್ರೆ ಸರ್ಕಾರವೇ ಫ್ರೀ ಕೊಡ್ತದಲ್ಲ, ಮತ್ತೆ ನಿಮ್ಮ ದುಡ್ಡು ಎಂತಕ್ಕೆ?" ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಹೌದು, ಫ್ರೀ. 2004ರ ಏಪ್ರಿಲ್‌ನಲ್ಲಿ ಶುರುವಾದದ್ದು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಎಆರ್‌ಟಿ ಸೆಂಟರ್, ಅಂದರೆ ಎಚ್‌ಐವಿ ಮಾತ್ರೆ ಕೊಡುವ ಸೆಂಟರ್ ಇದೆ, ಉಡುಪಿ ಜಿಲ್ಲಾ ಆಸ್ಪತ್ರೆಯಲ್ಲೂ ಇದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ, ಜೀವನಪೂರ್ತಿ. ಇದು ಸಣ್ಣ ಕೆಲಸ ಅಲ್ಲ.

ಆದರೆ ಅದನ್ನು ತರಲು ಹೋಗುವುದು ಫ್ರೀ ಅಲ್ಲ. ನಮಗೆ ಗೊತ್ತಿರುವ ಒಬ್ಬರು ಅಕ್ಕ ಬೀಡಿ ಕಟ್ಟುತ್ತಾರೆ. ಹತ್ತಿರದ ಸೆಂಟರ್‌ಗೆ ಹೋದರೆ ಪರಿಚಯದವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಅದಕ್ಕೆ ದೂರದ ಸೆಂಟರ್‌ಗೆ ಎರಡು ಬಸ್ ಹಿಡಿದು ಹೋಗುತ್ತಾರೆ. ಶಕ್ತಿ ಯೋಜನೆ ಇದೆಯಲ್ಲ ಅನ್ನಬೇಡಿ. ನಮ್ಮ ಕಡೆ ಓಡುವುದು ಜಾಸ್ತಿ ಪ್ರೈವೇಟ್ ಬಸ್, ಅದರಲ್ಲಿ ಹೆಂಗಸರೂ ಟಿಕೆಟ್ ತೆಗೆಯಬೇಕು. ಆ ದಿನ ಬೀಡಿ ಇಲ್ಲ, ಮಜೂರಿಯೂ ಇಲ್ಲ. ಡಬ್ಬಿ ಕೈಗೆ ಬಂದ ಮೇಲೆ ಮೊದಲು ಲೇಬಲ್ ಕೀಳುತ್ತಾರೆ. ಬಸ್ಸಿನಲ್ಲಿ ಮಾತ್ರೆ ಗಲಗಲ ಅನ್ನಬಾರದೆಂದು ಒಳಗೆ ಹತ್ತಿ ತುರುಕಿ, ಟವೆಲ್ ಸುತ್ತಿ, ಚೀಲದ ಅಡಿಗೆ ಇಡುತ್ತಾರೆ. ಮನೆಯಲ್ಲಿ ಅದರ ಜಾಗ ಅಕ್ಕಿ ಡಬ್ಬದ ಹಿಂದೆ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ಸಂಬಂಧದ ಭಾವ ಒಬ್ಬರು ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದರು: "ತಪ್ಪು ಮಾಡಿದವರಿಗೆ ನೀನು ಎಂತಕ್ಕೆ ಕೊಡುದು ಮಾರಾಯ್ತಿ? ಕ್ಯಾನ್ಸರ್‌ನವರಿಗೆ ಕೊಡು, ಪುಣ್ಯವಾದ್ರೂ ಬರ್ತದೆ." ಎಲೆಯಲ್ಲಿ ಪಾಯಸ ಇತ್ತು. "ಭಾವ, ನಿಮಗೆ ಶುಗರ್ ಬಂದಾಗ ಎಷ್ಟು ಪಾಯಸ ತಿಂದಿರಿ ಅಂತ ಡಾಕ್ಟ್ರು ಲೆಕ್ಕ ಕೇಳಿ ಮಾತ್ರೆ ಕೊಟ್ರಾ?" ಅಂದೆ. ಪಂಕ್ತಿ ನಕ್ಕಿತು, ಭಾವ ನಗಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಗಂಡನಿಂದ ಬಂದದ್ದು, ಹುಟ್ಟುವಾಗಲೇ ಬಂದದ್ದು ಅಂದರೆ ಜನ ಸ್ವಲ್ಪ ಕರಗುತ್ತಾರೆ. ಹಾಗೆ ಬಂದವರು ತುಂಬಾ ಜನ ಇದ್ದಾರೆ, ನಿಜ. ಆದರೂ ನಾನು ಆ ಮಾತು ಎತ್ತುವುದಿಲ್ಲ. ಹೇಗೆ ಬಂತು ಅಂತ ವಿಚಾರಿಸಿ, ಆಮೇಲೆ ಬಸ್ ಚಾರ್ಜು ಕೊಡುವುದು ನನ್ನಿಂದ ಆಗದು.

ಯಾರಾದರೂ ಒಮ್ಮೆ ಹೀಗೆ ಕೇಳಬಾರದಾ: ಮಾತ್ರೆ ಸಿಕ್ಕ ಮೇಲೂ ಕೆಲವರು ಯಾಕೆ ಬಿಡುತ್ತಾರೆ?

ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನವರನ್ನು ನೆನೆಸಿಕೊಳ್ಳಿ. ದಿನಗಟ್ಟಲೆ ಒಂದೇ ಬೋಟಿನಲ್ಲಿ ಊಟ, ನಿದ್ದೆ. ಅಲ್ಲಿ ದಿನಾ ರಾತ್ರಿ ಒಂದು ಮಾತ್ರೆ ನುಂಗಿದರೆ ಪಕ್ಕದವನು ಕೇಳದೆ ಇರುತ್ತಾನಾ? ಒಂದು ಸಲ ಬಿಟ್ಟದ್ದು ಹಾಗೇ ಅಭ್ಯಾಸ ಆಗುತ್ತದೆ. ಸರಿಯಾಗಿ ನುಂಗುತ್ತಾ ಬಂದರೆ ರಕ್ತದಲ್ಲಿ ವೈರಸ್ ಟೆಸ್ಟಿಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೇ ಇದ್ದರೆ ಲೈಂಗಿಕ ಸಂಬಂಧದಿಂದ ಗಂಡನಿಗೋ ಹೆಂಡತಿಗೋ ಹರಡುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ಶೇ. 15ರಿಂದ 45. ಚಿಕಿತ್ಸೆ ಇದ್ದರೆ ಶೇ. 5ಕ್ಕಿಂತ ಕೆಳಗೆ. ಆಗಾಗ ಬಿಟ್ಟರೆ ವೈರಸ್ ಮತ್ತೆ ಏರುತ್ತದೆ, ಕೆಲವೊಮ್ಮೆ ಆ ಔಷಧಕ್ಕೆ ಬಗ್ಗುವುದೂ ಇಲ್ಲ. ನಾವು ಕೂಡಿಸುವ ದುಡ್ಡು ಹೋಗುವುದು ಇದಕ್ಕೇ: ಬಸ್ ಚಾರ್ಜು, ತಪ್ಪಿದ ಮಜೂರಿ, ಮೊಟ್ಟೆ, ಹೆಸರುಕಾಳು, ಮಕ್ಕಳ ಫೀಸು.

ಒಂದು ಪಾಲು ಹೊರದೇಶಕ್ಕೂ ಕಳಿಸುತ್ತೇನೆ. "ಆಫ್ರಿಕಾದವರಿಗೆ ನಾವ್ಯಾಕೆ?" ಅಂತ ಅದಕ್ಕೂ ಕೇಳುತ್ತಾರೆ. ಒಬ್ಬರ ಒಂದು ವರ್ಷದ ಔಷಧಕ್ಕೆ ಹಿಂದೆ 10,000 ಡಾಲರ್ ಮೇಲೆ ಇತ್ತು. 2001ರಲ್ಲಿ ಮುಂಬೈಯ ಔಷಧ ಕಂಪನಿ ಸಿಪ್ಲಾ 350 ಡಾಲರಿಗೆ ಕೊಡುತ್ತೇವೆ ಎಂದಿತು. ಆಫ್ರಿಕಾದ ಲಕ್ಷಾಂತರ ಜನ ಬದುಕಿದ್ದು ಹೀಗೆ ನಮ್ಮಲ್ಲಿ ತಯಾರಾದ ಮಾತ್ರೆಯಿಂದ. ಏಡ್ಸ್, ಕ್ಷಯ, ಮಲೇರಿಯಾ ತಡೆಯಲು ಹಲವು ದೇಶಗಳು ದುಡ್ಡು ಹಾಕುವ ಗ್ಲೋಬಲ್ ಫಂಡ್ 2002ರಲ್ಲಿ ಶುರುವಾಯಿತು. ಅದರಿಂದ ನಮ್ಮ ದೇಶಕ್ಕೂ ದುಡ್ಡು ಬಂತು. ಅವರಿಗೆ ನಾವು, ನಮಗೆ ಅವರು ಆಗಿಯೇ ಇಲ್ಲಿವರೆಗೆ ಬಂದದ್ದು ಅಲ್ವಾ? 2024ರಲ್ಲೂ ಏಡ್ಸ್‌ಗೆ ಸಂಬಂಧಿಸಿದ ಕಾಯಿಲೆಗಳಿಂದ ಜಗತ್ತಿನಲ್ಲಿ ಸುಮಾರು 6.3 ಲಕ್ಷ ಜನ ಸತ್ತರು. 2025ರಲ್ಲಿ ಅಮೆರಿಕ ನೆರವು ಕಡಿತ ಮಾಡಿದ ಮೇಲೆ ಆಫ್ರಿಕಾದಲ್ಲಿ ಎಷ್ಟೋ ಕ್ಲಿನಿಕ್‌ಗಳು ಬಾಗಿಲು ಹಾಕಿದವು.

ಇಷ್ಟು ಓದಿ ಕೊಡಬೇಕು ಅನ್ನಿಸಿದರೆ ಕೊಡಿ, ಎಷ್ಟಾದರೂ ಸರಿ. ಆದರೆ ಮೊಟ್ಟೆ ಟ್ರೇ ಕೊಡುವಾಗ ಒಂದು ಫೋಟೋ ಬೇಕು ಅಂತ ಕೇಳಬೇಡಿ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯ ಹೊರಗೆ ಹೇಳಬಾರದು ಎಂದು 2017ರ ಕಾನೂನೇ ಇದೆ. ನಾವು ರಶೀದಿ ಕೊಡುತ್ತೇವೆ, ಪ್ರತಿ ರೂಪಾಯಿಯ ಲೆಕ್ಕ ತೋರಿಸುತ್ತೇವೆ. ಮುಖ ತೋರಿಸುವುದಿಲ್ಲ.