ಸಂದರ್ಶನದ ದೋಷದಿಂದ ಏನನ್ನು ತೀರ್ಮಾನಿಸಬಹುದು?

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ರೀಸನಿಂಗ್ ಹೇಳಿಕೊಡುವುದು ನನ್ನ ಕೆಲಸ. ಕೊಟ್ಟ ಹೇಳಿಕೆಯಷ್ಟರಿಂದಲೇ ಯಾವ ತೀರ್ಮಾನ ಹೊರಡುತ್ತದೆ ಎಂದು ಕೇಳುವ ‘ಹೇಳಿಕೆ ಮತ್ತು ತೀರ್ಮಾನ’ ಪಾಠದಲ್ಲಿ ಚುರುಕಿನವರೂ ಎಡವುವ ಪ್ರಶ್ನೆ ಒಂದಿದೆ. ಹೇಳಿಕೆ: ಕೆಲವು ಸಂದರ್ಶನಗಳಲ್ಲಿ ಯೋಗ್ಯರಿಗೂ ಕಡಿಮೆ ಅಂಕ ಬೀಳುತ್ತದೆ. ತೀರ್ಮಾನ ಒಂದು: ಸಂದರ್ಶನವನ್ನು ರದ್ದು ಮಾಡಬೇಕು. ಎರಡು: ಸಂದರ್ಶನದಲ್ಲಿ ಕಡಿಮೆ ಅಂಕ ಬಂದ ಮಾತ್ರಕ್ಕೆ ಅಭ್ಯರ್ಥಿ ಅಯೋಗ್ಯ ಎನ್ನಲಾಗದು.

ಉತ್ತರ ಎರಡನೆಯದು ಮಾತ್ರ. ಆದರೆ ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನದಲ್ಲಿ ಕೈತಪ್ಪಿದವರು ಒಂದನೆಯದನ್ನೇ ಹಿಡಿಯುತ್ತಾರೆ. “ಸರ, ನನಗ ಆಗಿದ್ದೂ ಇದ ಅಲ್ರಿ. ಒಂದನೇದು ಹೆಂಗ ತಪ್ಪಾಗ್ತದ್ರಿ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳ ಸಂಕಟ ನಿಜ. ಅದಕ್ಕೆ ಸೂತ್ರ ಒಪ್ಪಿಸಿ ಸುಮ್ಮನಾಗಿಸುವುದು ನನಗೆ ಸರಿಕಾಣಲಿಲ್ಲ.

ಅಂದಿನಿಂದ ಈ ಪಾಠಕ್ಕೆ ಸುಪ್ರೀಂ ಕೋರ್ಟಿನ ಅಜಯ್ ಹಾಸಿಯಾ ಪ್ರಕರಣವನ್ನು ತರುತ್ತೇನೆ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರಿಗೆ ಎರಡು-ಮೂರು ನಿಮಿಷ. ಕೇಳಿದ್ದು ತಂದೆ-ತಾಯಿ ಯಾರು, ಮನೆ ಎಲ್ಲಿ ಎಂಬಂಥದ್ದು. ಮೌಖಿಕ ಪರೀಕ್ಷೆ ಪರೀಕ್ಷಕರ ಮನಸ್ಸಿಗೆ ತಕ್ಕಂತೆ ವಾಲಬಹುದು, ದುರುಪಯೋಗವೂ ಆಗಬಹುದು ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಹಾಗಿದ್ದೂ ಸಂದರ್ಶನವೇ ಬೇಡ ಎನ್ನಲಿಲ್ಲ. ಅದೊಂದೇ ಅಳತೆಯಾಗಬಾರದು, ಶೇ. 15ಕ್ಕಿಂತ ಹೆಚ್ಚು ಅಂಕ ಇಡಬಾರದು, ಮಾತುಕತೆಯನ್ನು ಟೇಪ್ ಮಾಡಿಟ್ಟರೆ ಒಳ್ಳೆಯದು ಎಂದಿತು.

ಮುಂದೆ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ಆದರೆ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಲ್ಲಿ 275 ಇಂದಿಗೂ ಸಂದರ್ಶನದ್ದೇ. ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಗೆ ವಿಷಯ ತಾನಾಗಿ ಹೊಳೆಯುತ್ತದೆ. ದೋಷ ಒಂದೇ, ಒಂದು ಕಡೆ ರದ್ದಾಯಿತು, ಇನ್ನೊಂದು ಕಡೆ ಉಳಿಯಿತು. ಹುದ್ದೆಗೆ ಏನು ಬೇಕು, ಬೇರೆ ಅಳತೆ ಇದೆಯೇ ಎಂಬ ಹೊರಗಿನ ಸಂಗತಿಗಳು ಸೇರಿಯೇ ಆ ನಿರ್ಧಾರಗಳು ಹುಟ್ಟಿದವು. ದೋಷವಿದೆ ಎಂಬ ಹೇಳಿಕೆಯ ಒಳಗೆ ಅವು ಇರಲಿಲ್ಲ.

ಆ ವಿದ್ಯಾರ್ಥಿನಿ ಆಮೇಲೆ ಕೇಳಿದ್ದು ಇನ್ನೂ ಒಳ್ಳೆಯ ಪ್ರಶ್ನೆ: ‘ಹೇಳಿಕೆ ಮತ್ತು ಕ್ರಮ’ ಮಾದರಿಯಲ್ಲಿ ಇದೇ ಬಂದರೆ? ಅಲ್ಲಿ ಏನು ಮಾಡಬೇಕು ಎಂಬುದೇ ಪ್ರಶ್ನೆ. ಸಂದರ್ಶನವನ್ನು ದಾಖಲಿಸಿಡುವುದು ಸರಿಯಾದ ಕ್ರಮವಾಗುತ್ತದೆ. ಕೆಲವೆಡೆಯ ತಪ್ಪಿಗೆ ಎಲ್ಲೆಡೆಯೂ ರದ್ದು ಮಾಡುವುದು ಅಲ್ಲಿಯೂ ನಿಲ್ಲುವುದಿಲ್ಲ.